ಅರಿಸಿನ, ಬೆಳ್ಳುಳ್ಳಿ ಮತ್ತು ಜಠರದ ಕ್ಯಾನ್ಸರ್: ಕೇಳಲೇಬೇಕಾದ ಮೂರು ಪ್ರಶ್ನೆಗಳು

'ಜಠರದ ಕ್ಯಾನ್ಸರಿಗೆ ಅರಿಸಿನದಲ್ಲಿದೆ ಮದ್ದು!' ಇಂಥ ತಲೆಬರಹವನ್ನು ನೀವು ಒಮ್ಮೆಯಾದರೂ ಓದಿರುತ್ತೀರಿ. ಅರಿಸಿನದ ಜಾಗದಲ್ಲಿ ಬೆಳ್ಳುಳ್ಳಿ, ಶುಂಠಿ ಅಥವಾ ಹಸಿರು ಚಹಾ ಇರಬಹುದು. ಸುದ್ದಿಯ ಒಳಗಿನ ಸಂಗತಿ ಮಾತ್ರ ಹೆಚ್ಚುಕಡಿಮೆ ಒಂದೇ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ಸಸ್ಯದಿಂದ ಪಡೆದ ಸಂಯುಕ್ತವನ್ನು ಹಾಕಲಾಯಿತು. ಜೀವಕೋಶಗಳು ಸತ್ತವು. ಸುದ್ದಿ ಸುಳ್ಳಲ್ಲ. ಆದರೆ ಅದರಿಂದ ಓದುಗ ತಲಪುವ ತೀರ್ಮಾನ ಸರಿಯೇ?

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೂ ಈ ವಿಷಯವನ್ನು ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಬಂಧುವೊಬ್ಬರಿಗೆ ಜಠರದ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡಬಹುದೆಂದು ವೈದ್ಯರು ಹೇಳಿದ್ದರು. ಅವರು ಪತ್ರಿಕೆಯ ತುಣುಕೊಂದನ್ನು ಹಿಡಿದು ನನ್ನ ಬಳಿ ಬಂದು, 'ನೀನು ಓದಿದವನು, ಇದು ನಿಜವೇನಪ್ಪಾ?' ಎಂದು ಕೇಳಿದರು. 'ಸುಳ್ಳೇನಲ್ಲ' ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ಐದು ತಿಂಗಳು ಕಷಾಯ ಕುಡಿದು ಮತ್ತೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ರೋಗ ಯಕೃತ್ತಿಗೆ ಹರಡಿತ್ತು. ಬೇಗ ಹೋಗಿದ್ದರೆ ಅವರು ಉಳಿಯುತ್ತಿದ್ದರೆಂದು ಖಚಿತವಾಗಿ ಹೇಳಲಾರೆ. ಆದರೆ ಪ್ರತಿದಿನ ತರಗತಿಯಲ್ಲಿ 'ಏಕಮಾನ ಬರೆಯದ ಉತ್ತರಕ್ಕೆ ಅಂಕವಿಲ್ಲ' ಎನ್ನುವ ನಾನು, ಅಂದು ಆ ಸುದ್ದಿಯಲ್ಲಿ ಏಕಮಾನವನ್ನು ಹುಡುಕಲೇ ಇಲ್ಲ ಎಂಬುದಂತೂ ನಿಜ.

ಮೊದಲ ಪ್ರಶ್ನೆ: ಎಷ್ಟು?

ಗಾಜಿನ ತಟ್ಟೆಯಲ್ಲಿರುವ ಜೀವಕೋಶಗಳನ್ನು ಕೊಲ್ಲುವುದು ಕಷ್ಟವಲ್ಲ. ಉಪ್ಪು, ಮದ್ಯಸಾರ, ಬಟ್ಟೆ ಬಿಳುಪು ಮಾಡುವ ದ್ರಾವಣ ಎಲ್ಲವೂ ಕೊಲ್ಲುತ್ತವೆ. ಯಾವ ಸಾಂದ್ರತೆಯಲ್ಲಿ ಕೊಲ್ಲುತ್ತದೆ, ಆ ಸಾಂದ್ರತೆಯಲ್ಲಿ ಆರೋಗ್ಯವಂತ ಜೀವಕೋಶಗಳು ಉಳಿಯುತ್ತವೆಯೇ ಎಂಬುದೇ ಮುಖ್ಯ.

ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅನ್ನೇ ತೆಗೆದುಕೊಳ್ಳೋಣ. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ 10ರಿಂದ 50 ಮೈಕ್ರೋಮೋಲಾರ್. ನಾವು 20 ಎಂದು ಇಟ್ಟುಕೊಳ್ಳೋಣ. ಈಗ ಮನುಷ್ಯರ ಕಡೆಗೆ ಬನ್ನಿ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಂದುವರಿದ ದೊಡ್ಡಕರುಳಿನ ಕ್ಯಾನ್ಸರ್ ಇದ್ದ 15 ರೋಗಿಗಳಿಗೆ ಕರ್ಕ್ಯುಮಿನ್ ನುಂಗಿಸಲಾಯಿತು. ದಿನಕ್ಕೆ 3.6 ಗ್ರಾಂ ತೆಗೆದುಕೊಂಡವರ ರಕ್ತದ ಪ್ಲಾಸ್ಮಾದಲ್ಲಿ ಒಂದು ಗಂಟೆಯ ನಂತರ ಸಿಕ್ಕಿದ್ದು ಸುಮಾರು 11 ನ್ಯಾನೋಮೋಲಾರ್. 20 ಮೈಕ್ರೋಮೋಲಾರ್ ಎಂದರೆ 20,000 ನ್ಯಾನೋಮೋಲಾರ್. ಭಾಗಿಸಿ ನೋಡಿ: ತಟ್ಟೆಯಲ್ಲಿದ್ದದ್ದು ರಕ್ತದಲ್ಲಿದ್ದದ್ದರ ಸುಮಾರು 1800 ಪಟ್ಟು!

ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡ 3ರ ಆಸುಪಾಸು. ಆ ಲೆಕ್ಕದಲ್ಲಿ 3.6 ಗ್ರಾಂ ಕರ್ಕ್ಯುಮಿನ್ ಬೇಕಾದರೆ ದಿನಕ್ಕೆ 120 ಗ್ರಾಂ ಅರಿಸಿನ ತಿನ್ನಬೇಕು. ಸಾರಿಗೆ ಹಾಕುವ ಚಿಟಿಕೆ ಅರಿಸಿನ ಎಲ್ಲಿ, ಇದೆಲ್ಲಿ?

'ಕರಿಮೆಣಸಿನ ಜೊತೆ ತಿಂದರೆ?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಸ್ವಯಂಸೇವಕರಲ್ಲಿ ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಶೇಕಡ 2000ದಷ್ಟು ಹೆಚ್ಚಿತು. ಈ ಸಂಖ್ಯೆಯನ್ನು ಜಾಹೀರಾತುಗಳಲ್ಲಿ ದಪ್ಪಕ್ಷರಗಳಲ್ಲಿ ಕಾಣುತ್ತೀರಿ. ಆದರೆ 1800 ಪಟ್ಟು ಕೊರತೆಯಿದ್ದಲ್ಲಿ 20 ಪಟ್ಟು ಹೆಚ್ಚಿದರೂ ಇನ್ನೂ 90 ಪಟ್ಟು ಉಳಿಯಿತಲ್ಲ? ಶೇಕಡಾವಾರು ಹೆಚ್ಚಳವನ್ನು ಹೇಳಿ ಮೂಲ ಮೊತ್ತವನ್ನು ಹೇಳದಿದ್ದರೆ, ಸಂಖ್ಯೆ ಸರಿಯಿದ್ದೂ ಅರ್ಥ ತಪ್ಪಾಗುತ್ತದೆ.

ಎರಡನೆಯ ಪ್ರಶ್ನೆ: ಎಲ್ಲಿಗೆ?

ಜಾಣ ವಿದ್ಯಾರ್ಥಿ ಇಲ್ಲಿ ಆಕ್ಷೇಪಣೆ ಎತ್ತಬಹುದು: 'ಸಾರ್, ನುಂಗಿದ್ದು ನೇರವಾಗಿ ಜಠರಕ್ಕೇ ಹೋಗುತ್ತದೆ. ರಕ್ತದ ಲೆಕ್ಕ ಏಕೆ?' ಆಕ್ಷೇಪಣೆಯಲ್ಲಿ ಹುರುಳಿದೆ. ಒಂದು ಗ್ರಾಂ ಅರಿಸಿನದಲ್ಲಿ ಸುಮಾರು 30 ಮಿಲಿಗ್ರಾಂ ಕರ್ಕ್ಯುಮಿನ್. ಅದರ ಅಣುತೂಕ 368. ಜಠರದಲ್ಲಿರುವ ಕಾಲು ಲೀಟರ್ ದ್ರವದಲ್ಲಿ ಅದೆಲ್ಲ ಕರಗಿದರೆ ಸಾಂದ್ರತೆ 300 ಮೈಕ್ರೋಮೋಲಾರನ್ನೂ ಮೀರುತ್ತದೆ. ಆದರೆ ಕರಗಬೇಕಲ್ಲ? ಆಮ್ಲೀಯ ನೀರಿನಲ್ಲಿ ಕರ್ಕ್ಯುಮಿನ್ ಕರಗುವುದು ಅತ್ಯಲ್ಪ. ಜಠರದ ಒಳಗೋಡೆಗೆ ಲೋಳೆಯ ಪದರದ ರಕ್ಷಣೆ ಬೇರೆ. ಕೆಲವು ಗಂಟೆಗಳಲ್ಲಿ ಆಹಾರವೆಲ್ಲ ಮುಂದೆ ಸಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದುವರಿದ ಕ್ಯಾನ್ಸರ್ ಒಳಗೋಡೆಯ ಮೇಲೆ ಕುಳಿತಿರುವುದಿಲ್ಲ. ಅದು ಸ್ನಾಯುಪದರವನ್ನು ಹೊಕ್ಕು ಯಕೃತ್ತು, ಉದರದ ಒಳಪೊರೆಗಳಿಗೆ ಹರಡಿರುತ್ತದೆ. ಅಲ್ಲಿಗೆ ಔಷಧ ಹೋಗಲು ರಕ್ತವೇ ದಾರಿ.

ಇನ್ನೊಂದು ತೊಡಕು ಭೌತವಿಜ್ಞಾನಕ್ಕೆ ಸಂಬಂಧಿಸಿದ್ದು. ಕರ್ಕ್ಯುಮಿನ್ ಪ್ರತಿದೀಪ್ತಿ ಗುಣವುಳ್ಳ ವಸ್ತು. 425 ನ್ಯಾನೋಮೀಟರ್ ಸುಮಾರಿನ ನೀಲಿ-ನೇರಳೆ ಬೆಳಕನ್ನು ಹೀರಿ ತಾನೇ ಬೆಳಗುತ್ತದೆ. ಜೀವಕೋಶಗಳ ಮೇಲಿನ ಅನೇಕ ಪರೀಕ್ಷೆಗಳು ಫಲಿತಾಂಶವನ್ನು ಓದುವುದೂ ಪ್ರತಿದೀಪ್ತಿಯಿಂದಲೇ. ಎಚ್ಚರ ತಪ್ಪಿದರೆ, ಪರೀಕ್ಷಿಸಬೇಕಾದ ವಸ್ತುವೇ ಮಾಪಕವನ್ನು ಮೋಸಗೊಳಿಸುತ್ತದೆ. 2017ರಲ್ಲಿ 'ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ' ಪತ್ರಿಕೆಯ ಒಂದು ವಿಮರ್ಶೆ ಈ ದೋಷಗಳನ್ನೆಲ್ಲ ಎತ್ತಿ ತೋರಿಸಿ, ಕರ್ಕ್ಯುಮಿನ್ ಔಷಧವಾಗುವ ಸಾಧ್ಯತೆಯನ್ನೇ ಪ್ರಶ್ನಿಸಿತು.

ಮೂರನೆಯ ಪ್ರಶ್ನೆ: ಯಾರಲ್ಲಿ, ಯಾವುದರೊಡನೆ ಹೋಲಿಸಿ?

ಹಾಗಾದರೆ ಸಸ್ಯಗಳಲ್ಲಿ ಏನೂ ಇಲ್ಲವೇ? ಇದೆ. ಅದನ್ನು ತಿಳಿಯುವ ದಾರಿ ಮಾತ್ರ ಉದ್ದ. ಚೀನಾದ ಶಾನ್‌ಡೋಂಗ್ ಪ್ರಾಂತದ ಲಿನ್‌ಚೂ ಪ್ರದೇಶದಲ್ಲಿ ಜಠರದ ಕ್ಯಾನ್ಸರ್ ಹಾವಳಿ ಹೆಚ್ಚು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಅಲ್ಲಿ ಈ ರೋಗ ಕಡಿಮೆ ಎಂದು 1989ರಲ್ಲಿ ವರದಿಯಾಗಿತ್ತು. ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. 1995ರಲ್ಲಿ 3,365 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯ ಸೋಂಕಿದ್ದ ಕೆಲವರಿಗೆ ಎರಡು ವಾರ ಅದರ ಚಿಕಿತ್ಸೆ, ಕೆಲವರಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ಬೆಳ್ಳುಳ್ಳಿಯ ಸಾರ ಮತ್ತು ಎಣ್ಣೆ, ಕೆಲವರಿಗೆ ವಿಟಮಿನ್ನುಗಳು, ಹೋಲಿಕೆಗಾಗಿ ಹುಸಿಮದ್ದು.

2019ರಲ್ಲಿ 22 ವರ್ಷಗಳ ಫಲಿತಾಂಶ ಪ್ರಕಟವಾಯಿತು. ಎರಡೇ ವಾರದ ಬ್ಯಾಕ್ಟೀರಿಯ ಚಿಕಿತ್ಸೆ ಪಡೆದವರಲ್ಲಿ ಜಠರದ ಕ್ಯಾನ್ಸರ್ ಬರುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ವಿಟಮಿನ್ನುಗಳಿಂದಲೂ ಸ್ವಲ್ಪ ಪ್ರಯೋಜನ ಕಂಡಿತು. ಬೆಳ್ಳುಳ್ಳಿ ಗುಂಪಿನಲ್ಲಿ ಆ ಕ್ಯಾನ್ಸರಿನಿಂದಾದ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ. ಆದರೆ ರೋಗ ಬರುವ ಪ್ರಮಾಣದಲ್ಲಿ ಕಂಡ ಇಳಿಕೆ ಆಕಸ್ಮಿಕವಲ್ಲವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಇದು ರೋಗ ಬಾರದಂತೆ ತಡೆಯುವ ಪರೀಕ್ಷೆ, ಬಂದ ರೋಗವನ್ನು ಗುಣಪಡಿಸುವ ಪರೀಕ್ಷೆಯಲ್ಲ ಎಂಬುದನ್ನೂ ಗಮನಿಸಿ. ಇಷ್ಟು ಎಚ್ಚರದ ಮಾತನ್ನು ತಲೆಬರಹದಲ್ಲಿ ಹಿಡಿಸುವುದು ಕಷ್ಟ. ಆದ್ದರಿಂದಲೇ ತಲೆಬರಹವನ್ನು ನಂಬಿ ನಿಲ್ಲಬಾರದು.

ಸಸ್ಯದಿಂದ ಬಂದು ನಿಜವಾದ ಔಷಧವಾದವುಗಳ ಕಥೆಯೂ ಇಷ್ಟೇ ದೀರ್ಘ. ಪೆಸಿಫಿಕ್ ಯೂ ಮರದ ತೊಗಟೆಯನ್ನು ಅಮೆರಿಕದಲ್ಲಿ 1962ರಲ್ಲಿ ಸಂಗ್ರಹಿಸಲಾಯಿತು. ಅದರಲ್ಲಿದ್ದ ಪ್ಯಾಕ್ಲಿಟಾಕ್ಸೆಲ್ ಅಣುವಿನ ರಚನೆ ತಿಳಿದದ್ದು 1971ರಲ್ಲಿ, ಔಷಧವಾಗಿ ಮನ್ನಣೆ ಸಿಕ್ಕಿದ್ದು 1992ರಲ್ಲಿ. ಯೂರೋಪಿನ ಯೂ ಮರದ ಎಲೆಗಳ ಸಂಯುಕ್ತದಿಂದ ತಯಾರಿಸಿದ ಡೋಸಿಟಾಕ್ಸೆಲ್ ಅನ್ನು ಮುಂದುವರಿದ ಜಠರದ ಕ್ಯಾನ್ಸರಿಗೆ ಬಳಸಲು ಅಮೆರಿಕ 2006ರಲ್ಲಿ ಒಪ್ಪಿತು. ಇತರ ಎರಡು ಔಷಧಗಳ ಜೊತೆ ಇದನ್ನೂ ಕೊಟ್ಟಾಗ ರೋಗಿಗಳ ಬದುಕುಳಿವಿನ ಮಧ್ಯಾಂಕ 8.6 ತಿಂಗಳಿಂದ 9.2 ತಿಂಗಳಿಗೆ ಏರಿತು. ಪರೀಕ್ಷೆಗೆ ಒಳಗಾಗಿ ಗೆದ್ದ ಸಸ್ಯಜನ್ಯ ಔಷಧದ ಗಳಿಕೆ ಇಷ್ಟಾದರೆ, ಪರೀಕ್ಷೆಯನ್ನೇ ಎದುರಿಸದ ಕಷಾಯದಿಂದ ರೋಗ ಮಾಯವಾಗುತ್ತದೆಂಬ ಮಾತನ್ನು ಹೇಗೆ ನಂಬುವುದು?

'ಗಿಡದ್ದು, ಆದ್ದರಿಂದ ಅಪಾಯವಿಲ್ಲ' ಎನ್ನುವುದೂ ಸರಿಯಲ್ಲ. 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ನೊಥಾಪೊಡೈಟಿಸ್ ಮರದಲ್ಲೂ ಇದೆ. 1970ರ ದಶಕದ ಆರಂಭದಲ್ಲಿ ಅದರ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ರೋಗಿಗಳ ಮೂತ್ರಕೋಶದಲ್ಲಿ ರಕ್ತಸ್ರಾವವಾಗುವಷ್ಟು ಅದು ವಿಷಕರವಾಗಿತ್ತು. ರಸಾಯನವಿಜ್ಞಾನಿಗಳು ಆ ಅಣುವನ್ನು ಮಾರ್ಪಡಿಸಿದ ಮೇಲಷ್ಟೇ ಅದು ಇರಿನೊಟೆಕಾನ್ ಎಂಬ ಔಷಧವಾಗಿ 1996ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಅಧ್ಯಾಪಕ ಮಿತ್ರರೇ, ಇಂಥ ಸುದ್ದಿಯ ತುಣುಕೊಂದನ್ನು ತರಗತಿಗೆ ಒಯ್ಯಿರಿ. ಎಷ್ಟು, ಎಲ್ಲಿಗೆ, ಯಾರಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಉತ್ತರ ಆ ತುಣುಕಿನಲ್ಲಿದೆಯೇ ಎಂದು ಮಕ್ಕಳೇ ಹುಡುಕಲಿ. ಮೋಲಾರ್ ಸಾಂದ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ವಿದ್ಯಾರ್ಥಿಗಳೇ, ನಾಳೆ ನಿಮ್ಮ ಮನೆಯ ಹಿರಿಯರೂ ಇಂಥದೊಂದು ತುಣುಕನ್ನು ಹಿಡಿದು ನಿಮ್ಮ ಬಳಿ ಬರಬಹುದು. 'ಸುಳ್ಳೇನಲ್ಲ' ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. 'ಅರಿಸಿನ ಅಡುಗೆಗೆ ಇರಲಿ, ಚಿಕಿತ್ಸೆಗೆ ಮೊದಲು ಆಸ್ಪತ್ರೆಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ' ಎನ್ನಿ. ನಾನು ಅಂದು ಹೇಳಬೇಕಾಗಿದ್ದ ಮಾತು ಇದೇ.