ಶ್ರೀಶೈಲದ ಬುತ್ತಿ: ತೂಕಕ್ಕೆ ತಕ್ಕ ತಾಕತ್ತು

ಯುಗಾದಿ ಹತ್ತಿರ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಊರುಗಳಿಂದ ಮಲ್ಲಯ್ಯನ ಭಕ್ತರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ದಢೇಸುಗೂರಿನ ಹತ್ತಿರ ತುಂಗಭದ್ರೆಯ ಸೇತುವೆ ದಾಟಿ ಸಿರುಗುಪ್ಪ, ಆದೋನಿ ಮೇಲೆ ಹೋಗುವವರಿದ್ದಾರೆ. ಮಾನ್ವಿ, ರಾಯಚೂರು ಹಾದು ಹೋಗುವವರೂ ಇದ್ದಾರೆ. ಯಾವ ದಾರಿ ಹಿಡಿದರೂ ಕರ್ನೂಲು ದಾಟಿ, ಆತ್ಮಕೂರಿನ ಆಚೆ ನಲ್ಲಮಲದ ಕಾಡು ಹೊಕ್ಕು ಬೆಟ್ಟ ಹತ್ತಲೇಬೇಕು. ಭ್ರಮರಾಂಬೆಯನ್ನು ಮನೆಮಗಳೆಂದು ಎಣಿಸಿ ಹೋಗುವ ಈ ಜನರ ಕಂಬಿ, ಭಜನೆ, ಮರಗಾಲು ಕಟ್ಟಿಕೊಂಡು ನಡೆಯುವವರ ಹರಕೆ, ಇವುಗಳ ಬಗ್ಗೆ ಸಾಕಷ್ಟು ಬರಹ ಬಂದಿದೆ. ಅವರ ಹೆಗಲಿನ ಬುತ್ತಿಯನ್ನು ನಡೆಯುವವನ ಕಣ್ಣಿನಿಂದ ತೂಗಿ ನೋಡುವುದು ಮಾತ್ರ ಅಪರೂಪ. ರುಚಿಯ ಮಾತು ಬೇರೆ. ಹೊತ್ತ ಭಾರಕ್ಕೆ ತಕ್ಕ ತಾಕತ್ತು ಬುತ್ತಿಯಿಂದ ಸಿಗುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ತೂಗುವ ಕಲ್ಲು ಸರಳವಾಗಿದೆ. ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಲ್ಲಿ 9 ಕ್ಯಾಲೊರಿ, ಹಿಟ್ಟು, ಬೆಲ್ಲ, ಬೇಳೆಯಲ್ಲಿ ಸುಮಾರು 4. ನೀರಿನಲ್ಲಿ ಸೊನ್ನೆ. ಆಹಾರದಲ್ಲಿ ನೀರು ಹೆಚ್ಚಿದಷ್ಟೂ ನಾವು ಹೊರುವುದು ಬರೀ ಭಾರ. ಪಶ್ಚಿಮ ದೇಶಗಳಲ್ಲಿ ವಾರಗಟ್ಟಲೆ ಬೆಟ್ಟದಲ್ಲಿ ಉಳಿಯುವ ಬೇಟೆಗಾರರು, ಚಾರಣಿಗರು ಗ್ರಾಮಿಗೆ ನಾಲ್ಕು ಕ್ಯಾಲೊರಿಗಿಂತ ಕಡಿಮೆ ಇರುವ ತಿನಿಸನ್ನು ಚೀಲಕ್ಕೆ ಹಾಕಲು ಹಿಂದೆಮುಂದೆ ನೋಡುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಣಮಾಂಸ ಕುಟ್ಟಿ, ಕರಗಿಸಿದ ಕೊಬ್ಬು ಬೆರೆಸಿ ಪೆಮಿಕನ್ ಮಾಡಿಕೊಂಡದ್ದೂ ಇದೇ ಲೆಕ್ಕದಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ನಲ್ಲಮಲವಂತೂ ಹುಲಿಗಳಿಗೆ ಮೀಸಲಾದ ಕಾಡು. ಆದರೆ ಅನ್ನವನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವ ಕೆಲಸ ನಮ್ಮ ಜನಕ್ಕೂ ಹೊಸದಲ್ಲ.

ಈ ಸೀಮೆಯ ಹಳೆಯ ಬುತ್ತಿಯನ್ನು ಬಿಚ್ಚಿ ನೋಡಿ. ತಳದಲ್ಲಿ ಸಜ್ಜೆಯ ಅಥವಾ ಜೋಳದ ಕಡಕ್ ರೊಟ್ಟಿ. ಸಜ್ಜೆ ರೊಟ್ಟಿಗೆ ಬಡಿಯುವಾಗಲೇ ಎಳ್ಳು ಅಂಟಿಸಿರುತ್ತಾರೆ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಕೆಂಡದ ಕಾವಿಗೆ ತೇವವೆಲ್ಲ ಆರಿ ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವವರೆಗೂ ಬಿಡುತ್ತಾರೆ. ಹಾಗೆ ಆರಿದ ರೊಟ್ಟಿ ತಿಂಗಳು ಇಟ್ಟರೂ ಕೆಡುವುದಿಲ್ಲ. ಅದರ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಇನ್ನೊಂದು ಗಂಟಿನಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಅನುಕೂಲ ಇದ್ದವರ ಮನೆಯದಾದರೆ ಗೋದಿ, ಬೆಲ್ಲ, ಕೊಬ್ಬರಿಯ ಮಾದಲಿ.

ನನ್ನ ಕಣ್ಣಲ್ಲಿ ಈ ಬುತ್ತಿಯ ಯಜಮಾನಿಕೆ ರೊಟ್ಟಿಯದಲ್ಲ, ಹಿಂಡಿಯದು. ಹುರಿದ ಶೇಂಗಾ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟುತ್ತ ಹೋದರೆ ಒಂದು ಹಂತದಲ್ಲಿ ಶೇಂಗಾ ಎಣ್ಣೆ ಬಿಡುತ್ತದೆ. ಪುಡಿ ಉದುರುವುದು ನಿಂತು ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗುತ್ತದೆ. ಮಿಕ್ಸಿಯಲ್ಲಿ ತಿರುವಿದ ಪುಡಿಗೆ ಈ ಹದ ಸುಲಭಕ್ಕೆ ಬರುವುದಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ, ಅದರ ಅರ್ಧದಷ್ಟು ತೂಕ ಎಣ್ಣೆಯೇ. ಗುರೆಳ್ಳು, ಎಳ್ಳು, ಅಗಸಿ, ಒಣಕೊಬ್ಬರಿ ಎಲ್ಲವೂ ಇದೇ ಸಾಲಿನವು. ಬೆವರಿನಲ್ಲಿ ಹೋದ ಉಪ್ಪು ಹಿಂಡಿಯಲ್ಲಿ ತಿರುಗಿ ಸಿಗುತ್ತದೆ, ಖಾರ ಒಣಗಿದ ಬಾಯಿಗೆ ರುಚಿ ತರುತ್ತದೆ. ದಣಿದವನಿಗೆ ಹಸಿವೇ ಸತ್ತಿರುತ್ತದೆ. ಆಗ ತಿನ್ನುವ ಮನಸ್ಸು ಬರಿಸುವುದೂ ಬುತ್ತಿಯ ಕೆಲಸವೇ.

ಒಂದು ದಿನದ ಲೆಕ್ಕ ಹಾಕೋಣ. ಕಡಕ್ ರೊಟ್ಟಿ 200 ಗ್ರಾಂ, ಶೇಂಗಾ ಹಿಂಡಿ 100, ಶೇಂಗಾ ಹೋಳಿಗೆ 200, ಶೇಂಗಾ ಬೆಲ್ಲದ ಉಂಡಿ 100. ಒಟ್ಟು ತೂಕ 600 ಗ್ರಾಂ, ಅಜಮಾಸು 2,600 ಕ್ಯಾಲೊರಿ. ಇಷ್ಟೇ ತಾಕತ್ತನ್ನು ಅನ್ನದಿಂದ ಪಡೆಯಬೇಕೆಂದರೆ ಎರಡು ಕಿಲೋ ಅನ್ನ ಹೊರಬೇಕು, ಏಕೆಂದರೆ ನೂರು ಗ್ರಾಂ ಅನ್ನದಲ್ಲಿ 130 ಕ್ಯಾಲೊರಿ ಮಾತ್ರ, ಮಿಕ್ಕದ್ದು ಬಹುತೇಕ ನೀರು. ಅದೂ ಬೇಸಿಗೆಯ ಬಿಸಿಲಿಗೆ ಸಂಜೆಯೊಳಗೆ ಹಳಸುತ್ತದೆ. ಗ್ರಾಮಿಗೆ ನಾಲ್ಕು ಕ್ಯಾಲೊರಿಯ ಪರೀಕ್ಷೆಯಲ್ಲಿ ನಮ್ಮ ಅಜ್ಜಿಯರ ಬುತ್ತಿ ಒಂದು ಮೆಟ್ಟಿಲು ಮೇಲೆಯೇ ನಿಲ್ಲುತ್ತದೆ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ಎನರ್ಜಿ ಬಾರ್ ಇದಕ್ಕಿಂತ ದೊಡ್ಡದೇನನ್ನೂ ಕೊಡುವುದಿಲ್ಲ.

ಹೀಗಿದ್ದೂ ಈ ಬುತ್ತಿ ಹಿಂದೆ ಸರಿಯುತ್ತಿದೆ. ಅದಕ್ಕೆ ಕಾರಣ ನೆಲದಲ್ಲೇ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ದಢೇಸುಗೂರಿನ ಸುತ್ತ ಈಗ ಕಣ್ಣು ಹಾಯಿಸಿದಷ್ಟೂ ಗದ್ದೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲ ನೀರುಂಡಿತು, ರೊಟ್ಟಿ ಉಣ್ಣುತ್ತಿದ್ದ ಮನೆ ಅನ್ನಕ್ಕೆ ಹೊರಳಿತು. ನೀರು ಬಂದದ್ದನ್ನು ದೂರುವ ಬಾಯಿ ನನಗಿಲ್ಲ. ಬರದ ಸೀಮೆಗೆ ಅದು ಜೀವ ಕೊಟ್ಟಿದೆ. ಆದರೆ ಪಾದಯಾತ್ರೆಗೂ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟುವ ರೂಢಿಯನ್ನು ಒಪ್ಪಲಾರೆ. ಮನೆಯ ಊಟ ಬೇರೆ, ದಾರಿಯ ಊಟ ಬೇರೆ ಎಂಬ ತಿಳಿವಳಿಕೆ ಅಲ್ಲಿ ಕಳೆದುಹೋಗಿದೆ. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಲ್ಲಿ ಅದು ಇನ್ನೂ ಉಳಿದಿದೆ.

ಹಳೆಯ ಬುತ್ತಿಯಲ್ಲಿ ದೋಷವಿಲ್ಲವೆಂದಲ್ಲ. ಕಡಕ್ ರೊಟ್ಟಿ ತೂಕಕ್ಕೆ ಹಗುರವಾದರೂ ಜಾಗ ತಿನ್ನುತ್ತದೆ, ನಡೆದ ಕುಲುಕಿಗೆ ಚೂರಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ಒಣರೊಟ್ಟಿ, ಉಪ್ಪು ಖಾರದ ಹಿಂಡಿ ಎರಡೂ ನೀರು ಬೇಡುತ್ತವೆ. ನೀರಿಲ್ಲದ ಕಡೆ ಅದನ್ನು ಅಗಿಯುವುದೇ ಶಿಕ್ಷೆ. ಕುಟ್ಟಿದ ಶೇಂಗಾ ಬಿಸಿಲಿಗೆ ಬೇಗ ಕಮಟು ಹಿಡಿಯುತ್ತದೆ, ಹಸಿ ಬೆಳ್ಳುಳ್ಳಿ ಹೆಚ್ಚಾದರೆ ಇನ್ನೂ ಬೇಗ. ಹೋಳಿಗೆಗೆ ತುಪ್ಪದ ಬದಲು ಡಾಲ್ಡಾ ಹಾಕುವ ಮನೆಗಳೂ ಇವೆ. ಅದು ನಾಲಿಗೆಗೂ ಹಿತವಲ್ಲ, ಎದೆಗೂ ಹಿತವಲ್ಲ. ಯಾರೂ ಎತ್ತದ ಇನ್ನೊಂದು ಮಾತಿದೆ: ನಾಲ್ಕು ಜನ ಗಂಡಸರು ಹೊರಡುವ ಮನೆಯಲ್ಲಿ ನೂರಾರು ರೊಟ್ಟಿ ಬಡಿಯುವವರು ಹೆಂಗಸರು, ಅದೂ ಬೇಸಿಗೆಯಲ್ಲಿ ಉರಿಯುವ ಒಲೆಯ ಮುಂದೆ. ಬುತ್ತಿಯನ್ನು ಹೊಗಳುವಾಗ ಆ ಬೆವರನ್ನೂ ತೂಕಕ್ಕೆ ಸೇರಿಸಬೇಕು. ಈಗ ಊರೂರಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಅವರಿಂದ ದುಡ್ಡು ಕೊಟ್ಟು ತರುವುದರಲ್ಲಿ ಭಕ್ತಿಗೆ ಕುಂದೇನೂ ಇಲ್ಲ.

ಇನ್ನು ದಾಸೋಹ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಊಟ, ಮಜ್ಜಿಗೆ, ಕಾಲಿಗೆ ಎಣ್ಣೆ ಕೊಟ್ಟು ಸೇವೆ ಮಾಡುತ್ತಾರೆ. ಇದು ಈ ಯಾತ್ರೆಯ ದೊಡ್ಡ ಸಂಪತ್ತು. ಬಯಲಿನ ದಾರಿಯಲ್ಲಿ ಬುತ್ತಿ ಹೊರುವ ಅಗತ್ಯವನ್ನೇ ಅದು ಬಹುಮಟ್ಟಿಗೆ ತೆಗೆದುಹಾಕಿದೆ. ಇದನ್ನು ಕಂಡವರು ಬುತ್ತಿ ಯಾಕೆ ಬೇಕು ಎನ್ನುತ್ತಾರೆ. ಉತ್ತರ ನಲ್ಲಮಲದಲ್ಲಿದೆ. ವೆಂಕಟಾಪುರ ಬಿಟ್ಟು ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು ದಾಟಿ ಕೈಲಾಸ ದ್ವಾರಕ್ಕೆ ಹತ್ತುವ ದಾರಿ ಕಲ್ಲುಮೆಟ್ಟಿಲಿನದು, ಕಡಿದಾದ ಏರಿನದು. ಹಬ್ಬದ ದಿನಗಳಲ್ಲಿ ಕಾಡೊಳಗೂ ಅನ್ನದಾನ, ನೀರಿನ ವ್ಯವಸ್ಥೆ ಇರುತ್ತದೆ, ಆದರೆ ಜನಸಾಗರದ ನಡುವೆ ಅದು ನಿಮಗೆ ಬೇಕಾದ ಹೊತ್ತಿಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ಬೆಳಗಿನ ಜಾವ ಏರು ಹಿಡಿದವನ ಮೊಣಕಾಲು ಹತ್ತು ಗಂಟೆಗೆ ಸೋಲುವುದು ಎರಡು ಪೆಂಡಾಲುಗಳ ನಡುವೆಯೇ. ಅಲ್ಲಿ ಕಿಸೆಯಲ್ಲಿರುವ ಒಂದು ಉಂಡಿ, ಎರಡು ಗುಟುಕು ನೀರು ಕೊಡುವ ಬಲವನ್ನು ಮುಂದಿನ ಮಜಲಿನ ಬಿಸಿಯೂಟ ಕೊಡಲಾರದು.

ಇತ್ತೀಚೆಗೆ ಆ ಉಂಡಿಯ ಜಾಗಕ್ಕೆ ಬಂದಿರುವುದು ಚಿಪ್ಸ್, ಬಿಸ್ಕತ್ತು, ಬಣ್ಣದ ತಂಪು ಪಾನೀಯ. ಚಿಪ್ಸ್‌ನಲ್ಲಿ ಕ್ಯಾಲೊರಿ ಇಲ್ಲವೆಂದರೆ ಸುಳ್ಳಾಗುತ್ತದೆ. ಎಣ್ಣೆಯಲ್ಲಿ ಕರಿದದ್ದಕ್ಕೆ ಅದು ಇದ್ದೇ ಇರುತ್ತದೆ. ಆದರೆ ಹಿಡಿ ಚಿಪ್ಸ್‌ಗೆ ಮಾರುದ್ದ ಗಾಳಿ ತುಂಬಿದ ಪ್ಯಾಕೆಟ್, ಆ ಪ್ಯಾಕೆಟ್ ಉಳಿಯುವುದು ಹುಲಿ, ಕಡವೆ ತಿರುಗುವ ಕಾಡಿನಲ್ಲಿ. ಬಟ್ಟೆಯ ಗಂಟಿನಲ್ಲಿ ಹೋಗಿ ಬಟ್ಟೆಯನ್ನಷ್ಟೇ ಮನೆಗೆ ತರುತ್ತಿದ್ದ ಬುತ್ತಿಗೆ ಈ ಪಾಪ ಅಂಟಿರಲಿಲ್ಲ. ಅಕ್ಕಮಹಾದೇವಿ ಅರಸಿ ಹೋದ ಚೆನ್ನಮಲ್ಲಿಕಾರ್ಜುನನ ಬೆಟ್ಟಕ್ಕೆ ಪ್ಲಾಸ್ಟಿಕ್ ಒಯ್ಯುವುದು ನನಗೆ ಸಹಿಸಲಾಗದ ಸಂಗತಿ.

ಆದ್ದರಿಂದ ನನ್ನ ತೀರ್ಪು ಹಳೆಯ ಬುತ್ತಿಯ ಪರ, ಒಂದು ತಿದ್ದುಪಡಿಯೊಂದಿಗೆ. ಇಡೀ ದಾರಿಗೆ ಕಟ್ಟಬೇಡಿ. ಬಯಲಲ್ಲಿ ದಾಸೋಹವನ್ನು ನಂಬಿ, ಕಾಡಿನ ಎರಡು ದಿನಕ್ಕೆ ಮಾತ್ರ ಕಟ್ಟಿ. ರೊಟ್ಟಿ ಕಡಿಮೆ ಇರಲಿ, ಹೋಳಿಗೆ, ಉಂಡಿ ಹೆಚ್ಚಿರಲಿ. ಹಿಂಡಿಯನ್ನು ಹೊರಡುವ ಹಿಂದಿನ ದಿನ ಕುಟ್ಟಿ, ಬೆಳ್ಳುಳ್ಳಿಯನ್ನು ಹುರಿದು ಹಾಕಿ. ಆತ್ಮಕೂರು ಬಿಡುವ ಮೊದಲು ಒಬ್ಬೊಬ್ಬರು ಎರಡು ಲೀಟರ್ ನೀರಾದರೂ ತುಂಬಿಕೊಳ್ಳಿ, ಜೊತೆಗೆ ಉಪ್ಪು ಸಕ್ಕರೆ ಬೆರೆಸಿದ ಲಿಂಬೆ ನೀರು ಒಂದು ಬಾಟಲಿ ಇರಲಿ; ಖಾಲಿ ಬಾಟಲಿ ಕಾಡಿನಲ್ಲಿ ಬಿಡದೆ ಚೀಲದಲ್ಲೇ ವಾಪಸು ತನ್ನಿ.