ಪಂಜರ ತಂದರೆ ಮುಗಿಯಿತೇ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ನಾಯಿಮರಿಗಿಂತ ಮೊದಲು ಅದರ ಕ್ರೇಟ್ ಮನೆಗೆ ಬಂದಿರುತ್ತದೆ. ಮಡಚಿಡಬಹುದಾದ ತಂತಿಯ ಪಂಜರ, ತಳದಲ್ಲಿ ಎಳೆದು ತೊಳೆಯುವ ಪ್ಲಾಸ್ಟಿಕ್ ತಟ್ಟೆ. ಮಾರುವವರು ಕೊಡುವ ಭರವಸೆ ಎರಡು: ರಾತ್ರಿ ಮರಿ ತೆಪ್ಪಗೆ ಮಲಗುತ್ತದೆ, ಮನೆ ತುಂಬ ಉಚ್ಚೆ ಹೊಯ್ಯುವುದಿಲ್ಲ. ಎರಡೂ ಸುಳ್ಳಲ್ಲ. ಆದರೆ ಎರಡೂ ಪಂಜರದಿಂದ ಆಗುವ ಕೆಲಸವಲ್ಲ. ಪಂಜರದ ಪಕ್ಕದಲ್ಲಿ ನಿದ್ದೆಗೆಟ್ಟು ಏಳುವ ಮನುಷ್ಯನಿಂದ ಆಗುವ ಕೆಲಸ. ಆ ಮನುಷ್ಯನನ್ನು ಕೈಬಿಟ್ಟು ಪಂಜರವನ್ನಷ್ಟೇ ಉಳಿಸಿಕೊಂಡಿರುವುದರಿಂದಲೇ ಈ ಪದ್ಧತಿಯನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ಇದನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಇಯಾನ್ ಡನ್ಬಾರ್. ಇಂಗ್ಲೆಂಡಿನಲ್ಲಿ ಪಶುವೈದ್ಯಕೀಯ ಓದಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು. ಅವರ ಬರಹಗಳಲ್ಲಿ ಕ್ರೇಟ್ ಬರುವುದು ಒಂದು ಗಡಿಯಾರವಾಗಿ. ಮರಿ ತಾನು ಮಲಗಿದ ಜಾಗವನ್ನು ಕೊಳೆ ಮಾಡಿಕೊಳ್ಳಲು ಹಿಂಜರಿಯುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಗಂಟೆಗೊಮ್ಮೆ ಬಾಗಿಲು ತೆಗೆದು, ಗೊತ್ತಾದ ಜಾಗಕ್ಕೆ ಕರೆದೊಯ್ದು ನಿಲ್ಲಿಸಿದರೆ ಆಗಲೇ ಹೊಯ್ಯುವ ಸಾಧ್ಯತೆ ಹೆಚ್ಚು. ಹೊಯ್ದ ಕೂಡಲೇ ತಿಂಡಿ, ಹೊಗಳಿಕೆ, ಆಟ. ಯಾವಾಗ ಹೊಯ್ಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾದ ಕ್ಷಣದಲ್ಲಿ ಶಹಭಾಸ್ ಅನ್ನಲು ಸಾಧ್ಯ. ಇದಿಷ್ಟೂ ಗಟ್ಟಿಯಾದ ತರ್ಕವೇ. ಮನೆಯಲ್ಲಿ ಯಾರೂ ಇರದ ದೀರ್ಘ ಹೊತ್ತಿಗೆ ಅವರು ಹೇಳುವುದೇ ಬೇರೆ: ಒಂದು ಮೂಲೆಯಲ್ಲಿ ಹಾಸಿಗೆ, ಎದುರು ಮೂಲೆಯಲ್ಲಿ ಉಚ್ಚೆಗೆ ಜಾಗ ಇರುವ ಸಣ್ಣ ಕೋಣೆ. ನಮ್ಮಲ್ಲಿ ಈ ಎರಡನೆಯ ಅರ್ಧವನ್ನು ಕೇಳಿದವರು ಕಡಿಮೆ.

ಈ ತರ್ಕ ನಿಂತಿರುವುದು ಮರಿಯ ಮೈಯ ಮೇಲೆ. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬಾರದು. ತಾಯಿ ನೆಕ್ಕಿದಾಗ ಹೊಯ್ಯುತ್ತದೆ, ತಾಯಿಯೇ ಶುಚಿ ಮಾಡುತ್ತದೆ. ಮೂರು ವಾರ ಕಳೆದು ಕಾಲು ನಿಂತ ಮೇಲೆ ಮಲಗಿದ ಜಾಗ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತದೆ. ಎಂಟು ಒಂಬತ್ತು ವಾರದ ಹೊತ್ತಿಗೆ ಕಾಲಡಿಯ ನೆಲ ಎಂಥದ್ದು ಎನ್ನುವುದೂ ರೂಢಿಗೆ ಬರುತ್ತದೆ. ಮಣ್ಣಿನಲ್ಲಿ ಬೆಳೆದದ್ದು ಮಣ್ಣನ್ನೇ ಹುಡುಕುತ್ತದೆ, ಹಳೇ ಪೇಪರಿನ ಮೇಲೆ ಬೆಳೆದದ್ದು ಪೇಪರನ್ನೇ. ತಾಯಿ ಇಷ್ಟು ಕಲಿಸಿ ಕಳಿಸಿದ್ದರೆ ನಮ್ಮ ಅರ್ಧ ಕೆಲಸ ಆದಂತೆಯೇ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎನ್ನುತ್ತವೆ. ಪಾಲಿಸುವವರೆಷ್ಟು ಮಂದಿ ಎಂಬುದು ಬೇರೆ ಮಾತು. ಐದು ವಾರಕ್ಕೇ ತಾಯಿಯಿಂದ ಕಿತ್ತು, ಅಂಗಡಿಯ ಗೂಡಿನಲ್ಲಿ ತನ್ನ ಹೇಲಿನ ಮೇಲೆಯೇ ಮಲಗಿ ಬೆಳೆದ ಮರಿಗೆ ಮಲಗುವ ಜಾಗ ಬೇರೆ, ಉಚ್ಚೆಯ ಜಾಗ ಬೇರೆ ಎಂಬ ಭೇದವೇ ಅಳಿಸಿಹೋಗಿರುತ್ತದೆ. ಅಂಥ ಮರಿಯನ್ನು ಪಂಜರದಲ್ಲಿ ಕೂಡಿ ತಡೆದುಕೊಳ್ಳಲಿ ಎಂದು ಕಾದರೆ ಬೆಳಿಗ್ಗೆ ಮರಿಯನ್ನೂ ಪಂಜರವನ್ನೂ ತೊಳೆಯುವುದಷ್ಟೇ ಬಾಕಿ.

ಇನ್ನು ರಾತ್ರಿಯ ಲೆಕ್ಕ. ಎರಡು ತಿಂಗಳ ಮರಿ ಹಗಲು ಹೊತ್ತು ಎರಡು ಮೂರು ಗಂಟೆ ತಡೆದರೆ ಹೆಚ್ಚು. ನಿದ್ದೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತಡೆಯಬಹುದು, ಅಷ್ಟೇ. ಹನ್ನೊಂದಕ್ಕೆ ಬಾಗಿಲು ಹಾಕಿ ಆರಕ್ಕೆ ತೆಗೆದರೆ ಆ ಏಳು ಗಂಟೆ ಅದರ ಮೂತ್ರಕೋಶಕ್ಕೆ ನೀಗುವುದಿಲ್ಲ. ಎರಡು ಸಲವಾದರೂ ಯಾರಾದರೂ ಏಳಲೇಬೇಕು. ಪದ್ಧತಿಯನ್ನು ಒಪ್ಪಿದವರು ಜಾರಿಕೊಳ್ಳುವುದು ಇಲ್ಲಿಯೇ. ಹಾಲಿನ ಮೂಲೆಯಲ್ಲಿ ಪಂಜರ, ಬಾಗಿಲು ಹಾಕಿಕೊಂಡ ಬೆಡ್‌ರೂಮಿನಲ್ಲಿ ಮನೆಯವರು. ಮರಿ ಕುಂಯ್‌ಗುಟ್ಟಿದರೆ ಯಾರೋ ಹೇಳಿಕೊಟ್ಟ ಮಾತು ಸಿದ್ಧವಾಗಿದೆ: ಅತ್ತಾಗ ಹೋಗಬೇಡಿ, ಎರಡು ದಿನದಲ್ಲಿ ಸುಮ್ಮನಾಗುತ್ತೆ.

ಸುಮ್ಮನಾಗುತ್ತದೆ, ನಿಜ. ಆದರೆ ಆ ಮೌನ ಎಂಥದ್ದು? ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ನಾಯಿಗಳ ಅಧ್ಯಯನದಲ್ಲಿ ಮೂರರಿಂದ ಹನ್ನೆರಡು ವಾರದವರೆಗಿನ ಕಾಲವನ್ನು ಮರಿ ಇತರ ಜೀವಿಗಳೊಂದಿಗೆ ನಂಟು ಬೆಳೆಸುವ ಕಾಲವೆಂದು ಗುರುತಿಸಿದ್ದಾರೆ. ನಾವು ಮರಿ ತರುವುದು ಇದೇ ವಯಸ್ಸಿನಲ್ಲಿ. ನಿನ್ನೆಯವರೆಗೆ ಒಡಹುಟ್ಟಿದವುಗಳ ಮೈಗೆ ಮೈ ತಾಗಿಸಿ ಮಲಗಿದ್ದ ಜೀವ ಇವತ್ತು ತಣ್ಣನೆಯ ತಟ್ಟೆಯ ಮೇಲೆ ಒಂಟಿ. ಅದರ ಅಳು ಹಟವಲ್ಲ, ಕರೆ. ಕರೆದು ಕರೆದು ಯಾರೂ ಬರುವುದಿಲ್ಲವೆಂದು ಗೊತ್ತಾದಾಗಿನ ಮೌನವನ್ನು ಕಲಿಕೆಯೆಂದು ನಾನಂತೂ ಒಪ್ಪಲಾರೆ. ಹೋದರೆ ಅಳುವ ಚಟ ಹತ್ತುತ್ತದೆ ಎಂಬ ವಾದದಲ್ಲಿ ಒಂದಿಷ್ಟು ಹುರುಳಿದೆ. ಅತ್ತಾಗಲೆಲ್ಲ ಎತ್ತಿಕೊಂಡು ಆಡಿಸಿದರೆ ಚಟವಾಗುತ್ತದೆ. ಆದರೆ ಮರಿ ಮಲಗುವ ಡಬ್ಬ ನಿಮ್ಮ ಹಾಸಿಗೆಯ ಪಕ್ಕದಲ್ಲೇ, ಕೈಗೆಟಕುವಂತೆ ಇದ್ದರೆ ಆ ವಾದ ಹುಟ್ಟುವುದೇ ಇಲ್ಲ.

ಪಂಜರದ ಪರವಾಗಿ ತಪ್ಪದೆ ಬರುವ ಇನ್ನೊಂದು ಮಾತು, ನಾಯಿ ಬಿಲದ ಪ್ರಾಣಿ, ಇಕ್ಕಟ್ಟಾದ ಜಾಗ ಅದಕ್ಕೆ ಇಷ್ಟ ಎನ್ನುವುದು. ಯಾವ ಬೀದಿಗಾದರೂ ಹೋಗಿ ನೋಡಿ: ನಾಯಿಗಳು ಮಲಗಿರುವುದು ಕಾರಿನ ಅಡಿಯಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಮರಳಿನ ರಾಶಿಯಲ್ಲಿ. ಬಿಲ ಬೇಕಾಗುವುದು ಹೆತ್ತ ತಾಯಿಗೆ, ಅದೂ ಕೆಲವು ವಾರ. ಕೋಲ್ಕತ್ತಾದ ಐಐಎಸ್‌ಇಆರ್‌ನಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ತಾಯಿನಾಯಿಗಳು ಮರಿ ಹಾಕಲು ಮನುಷ್ಯರ ವಾಸದ ಹತ್ತಿರದ ಜಾಗಗಳನ್ನೇ ಆರಿಸಿಕೊಳ್ಳುತ್ತವೆ. ನಮ್ಮ ಓಣಿಗಳಲ್ಲಿ ಮೆಟ್ಟಿಲಡಿಯ ಸಂದಿಯಿಂದ ಮರಿಗಳ ಸದ್ದು ಕೇಳಿದವರಿಗೆ ಇದು ಹೊಸತಲ್ಲ. ಅತ್ತ ಸ್ವೀಡನ್ನಿನಲ್ಲಿ ಮನೆಯೊಳಗೆ ನಾಯಿಯನ್ನು ಪಂಜರದಲ್ಲಿಡಲು ಕಾನೂನೇ ಬಿಡುವುದಿಲ್ಲ. ಪ್ರಯಾಣದಂಥ ಸಂದರ್ಭಗಳಿಗಷ್ಟೇ ರಿಯಾಯಿತಿ. ಅಲ್ಲಿನ ನಾಯಿಗಳೂ ಹೊರಗೆ ಹೋಗಿ ಉಚ್ಚೆ ಹೊಯ್ಯುವುದನ್ನು ಕಲಿಯುತ್ತವೆ. ಪಂಜರವಿಲ್ಲದೆ ಆಗುವುದೇ ಇಲ್ಲ ಎನ್ನುವವರಿಗೆ ಇಡೀ ಒಂದು ದೇಶವೇ ಉತ್ತರವಾಗಿದೆ.

ಹಾಗೆಂದು ಹಳೆಯ ವಿಧಾನಕ್ಕೆ ಮರಳಬೇಕೆಂದಲ್ಲ. ಹೊಯ್ದ ಜಾಗಕ್ಕೆ ಮೂತಿ ಒತ್ತಿ ಉಜ್ಜುವುದು, ಸುತ್ತಿದ ಪೇಪರಿನಿಂದ ಬಾರಿಸುವುದು ಇವತ್ತಿಗೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ನೋಡಿ, ಅದಕ್ಕೆ ತಪ್ಪು ಮಾಡಿದ್ದು ಗೊತ್ತು, ಮುಖ ನೋಡಿದರೇ ತಿಳಿಯುತ್ತೆ ಎನ್ನುತ್ತಾರೆ. ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಆ ಪೆಚ್ಚುಮೋರೆ ತಪ್ಪು ಮಾಡಿದ್ದಕ್ಕೆ ಬಂದದ್ದಲ್ಲ, ಒಡೆಯ ಗದರಿದ್ದಕ್ಕೆ ಬಂದದ್ದು. ಏನೂ ಮಾಡದ ನಾಯಿಗಳೂ ಬೈಸಿಕೊಂಡಾಗ ಅದೇ ಮುಖ ಮಾಡಿದವು. ಅರ್ಧ ಗಂಟೆಯ ಹಿಂದಿನ ಉಚ್ಚೆಗೂ ಈಗಿನ ಏಟಿಗೂ ಮರಿ ಸಂಬಂಧ ಕಲ್ಪಿಸುವುದಿಲ್ಲ. ಅದು ಕಲಿಯುವುದು ಒಂದೇ: ಇವರ ಕಣ್ಣೆದುರು ಹೊಯ್ಯಬಾರದು. ಆಮೇಲೆ ಸೋಫಾದ ಹಿಂದೆ ಹೊಯ್ಯುತ್ತದೆ. ಬೆಲ್ಟು ಹಾಕಿ ಹೊರಗೆ ಕರೆದೊಯ್ದರೆ ನೀವು ಪಕ್ಕದಲ್ಲಿರುವ ತನಕ ಬಿಗಿಹಿಡಿದು, ಮನೆಗೆ ಬಂದು ಕದ್ದು ಹೊಯ್ಯುತ್ತದೆ. ಹಟಮಾರಿ ನಾಯಿ ಎಂಬ ಹೆಸರು ಬರುವುದು ಹೀಗೆ.

ಫ್ಲ್ಯಾಟಿನವರ ನಿಜವಾದ ಕಷ್ಟ ಲಸಿಕೆಯದು. ಲಸಿಕೆಯ ಸರಣಿ ಮುಗಿಯುವ ಹೊತ್ತಿಗೆ ಮರಿಗೆ ಸುಮಾರು ಹದಿನಾರು ವಾರವಾಗಿರುತ್ತದೆ. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ ಎಂದು ವೈದ್ಯರು ಹೇಳುತ್ತಾರೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದರೆ ಜಾಗದ ರೂಢಿ ಬೀಳುವುದೂ ಇದೇ ವಾರಗಳಲ್ಲಿ. ಈ ಸಂದಿಯನ್ನು ಬಳಸಿಕೊಂಡೇ ಪೀ ಪ್ಯಾಡ್ ಮನೆಯೊಳಗೆ ಬಂದಿದೆ. ಹತ್ತನೇ ಮಹಡಿಯಲ್ಲಿ ಒಂಟಿಯಾಗಿರುವವರಿಗೆ, ಲಿಫ್ಟಿಗೆ ಕಾಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ ಎಂಬುದೂ ದಿಟ. ಆದರೂ ಪ್ಯಾಡ್ ನನಗೆ ಹಿಡಿಸಿಲ್ಲ. ಮೆತ್ತಗೆ ಹೀರಿಕೊಳ್ಳುವ ಬಟ್ಟೆಯ ಮೇಲೆ ಹೊಯ್ಯುವುದನ್ನು ಕಲಿತ ಮರಿಗೆ ಕಾಲೊರಸೂ ಪ್ಯಾಡೇ, ಸ್ನಾನದ ಮನೆಯ ಮ್ಯಾಟೂ ಪ್ಯಾಡೇ. ಅದರ ಬದಲು ಬೇರೆ ನಾಯಿ ಮುಟ್ಟದ ಮಣ್ಣನ್ನೋ ಹುಲ್ಲಿನ ಹಾಸನ್ನೋ ಅಗಲವಾದ ಟ್ರೇಯಲ್ಲಿ ತುಂಬಿ ಬಾಲ್ಕನಿಯಲ್ಲಿಟ್ಟರೆ, ಮುಂದೆ ಕೆಳಗೆ ಇಳಿದಾಗ ಕಾಲಿಗೆ ಸಿಗುವುದೂ ಅದೇ ನೆಲ. ಮನೆಯೊಳಗೆ ಹೊಯ್ದ ಜಾಗವನ್ನು ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಮರಿಯ ಮೂಗಿಗೆ ಅಲ್ಲ. ಅಮೋನಿಯಾ ಇರುವ ದ್ರಾವಣವಂತೂ ಉಚ್ಚೆಯ ವಾಸನೆಗೇ ಹತ್ತಿರ. ಕಿಣ್ವವಿರುವ ಕ್ಲೀನರ್ ಬೇಕು.

ಊಟದ ಬಗ್ಗೆಯೂ ಒಂದು ಮಾತು. ರಾತ್ರಿ ಮಲಗುವ ಮುಂಚೆ ಬಟ್ಟಲು ತುಂಬ ಹಾಲು ಅನ್ನ ಇಟ್ಟು ನಡುರಾತ್ರಿ ಮನೆ ಗಲೀಜಾಯಿತೆಂದು ಗೊಣಗುವವರಿದ್ದಾರೆ. ತಾಯಿಹಾಲು ಬಿಟ್ಟ ಅನೇಕ ಮರಿಗಳಿಗೆ ಹಸುವಿನ ಹಾಲು ಅರಗದೆ ಭೇದಿಯಾಗುತ್ತದೆ. ಕೊನೆಯ ಊಟ ಸಂಜೆಗೇ ಮುಗಿಯಲಿ. ನೀರನ್ನು ಮಾತ್ರ ನಿಲ್ಲಿಸಬಾರದು.

ನನ್ನ ತೀರ್ಮಾನ ಇಷ್ಟು. ಕ್ರೇಟ್ ಕೆಟ್ಟ ವಸ್ತುವಲ್ಲ. ಬಾಗಿಲು ತೆರೆದಿಟ್ಟು, ಒಳಗೆ ಊಟ ಕೊಟ್ಟು ರೂಢಿಸಿದರೆ ಆಸ್ಪತ್ರೆಗೆ, ರೈಲಿಗೆ, ದೀಪಾವಳಿಯ ರಾತ್ರಿಗೆ ಅದು ಬೇಕಾಗುತ್ತದೆ. ಆದರೆ ಮೊದಲ ವಾರಗಳ ರಾತ್ರಿಗೆ ಹಾಸಿಗೆಯ ಪಕ್ಕದ ರಟ್ಟಿನ ಡಬ್ಬವೇ ಅದಕ್ಕಿಂತ ಮೇಲು: ಒಳಗೆ ತಾಯಿಯ ವಾಸನೆಯ ಬಟ್ಟೆ, ಮೇಲಿನಿಂದ ಇಳಿಬಿಟ್ಟ ನಿಮ್ಮ ಕೈ. ಮಿಸುಕಾಡಿತೋ, ಮಾತಿಲ್ಲದೆ ಎತ್ತಿಕೊಂಡು ಹೋಗಿ ಹೊಯ್ಯಿಸಿ ಮತ್ತೆ ಮಲಗಿಸುವುದು. ಆಟವಿಲ್ಲ, ದೊಡ್ಡ ದೀಪವಿಲ್ಲ. ಮರಿ ಬೆಳೆದಂತೆ ಡಬ್ಬವನ್ನು ದಿನಕ್ಕಷ್ಟು ಬಾಗಿಲ ಕಡೆ ಸರಿಸುತ್ತ ಹೋದರೆ ಹಾಲಿನವರೆಗೂ ತಲುಪಬಹುದು.

ಇದಕ್ಕೆ ಖರ್ಚಾಗುವುದು ನಿದ್ದೆ. ಅದನ್ನು ಕೊಡಲಾಗದವರು, ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವವರು, ದಯವಿಟ್ಟು ಮರಿ ತರಬೇಡಿ. ಪ್ರಾಣಿರಕ್ಷಣಾ ಕೇಂದ್ರಗಳಲ್ಲಿ ಎರಡು ಮೂರು ವರ್ಷದ ನಾಯಿಗಳು ಮನೆಗಾಗಿ ಕಾದಿವೆ. ಹೊಸ ಮನೆಗೆ ಹೊಂದಿಕೊಳ್ಳಲು ಕೆಲವು ದಿನ ಬೇಕಾದರೂ, ಆರೋಗ್ಯವಾಗಿರುವ ದೊಡ್ಡ ನಾಯಿ ಇಡೀ ರಾತ್ರಿ ತಡೆದುಕೊಳ್ಳಬಲ್ಲದು.