ಗಾಂಧಿ ಕ್ಲಾಸ್ ಎಲ್ಲಿಗೆ ಹೋಯ್ತು?

ಬೆಂಗಳೂರಲ್ಲಿ ಒಂದು ಹಳೇ ಥಿಯೇಟರ್ ಮುಚ್ಚಿದ್ರೆ ಮುಂದಿನ ಎರಡು ದಿನ ನಮ್ಮ ಫೋನಿಗೆ ಏನೇನು ಬರುತ್ತೆ ಅನ್ನೋದು ಈಗ ಎಲ್ಲರಿಗೂ ಬಾಯಿಪಾಠ. ಕೊನೇ ಶೋ ದಿನದ ಫೋಟೋ, ಯಾರೋ ಜೋಪಾನ ಮಾಡಿಟ್ಟಿದ್ದ ಹಳೇ ಟಿಕೆಟ್, ಅಣ್ಣಾವ್ರ ಕಟೌಟಿಗೆ ಹಾರ ಹಾಕಿದ ಕಪ್ಪುಬಿಳುಪು ಚಿತ್ರ, ಕೆಳಗೆ ‘ಒಂದು ಯುಗ ಮುಗಿಯಿತು’ ಅನ್ನೋ ಒಕ್ಕಣೆ. 2017ರಲ್ಲಿ ಕಪಾಲಿಗೆ ಹೀಗೇ ಬರೆದರು. 2018ರ ಡಿಸೆಂಬರ್ 31ಕ್ಕೆ ಬ್ರಿಗೇಡ್ ರಸ್ತೆಯ ರೆಕ್ಸ್ ಬಾಗಿಲು ಹಾಕಿದಾಗಲೂ ಬರೆದರು. 1974ರಲ್ಲಿ ಶುರುವಾಗಿದ್ದ ಕಾವೇರಿ 2024ರಲ್ಲಿ ಮುಚ್ಚಿದಾಗಲೂ ಅದನ್ನೇ ಬರೆದರು. ಥಿಯೇಟರ್ ಹೆಸರು ಬದಲಾಯಿಸಿದ್ರೆ ಸಾಕು, ಉಳಿದದ್ದೆಲ್ಲ ಕಾಪಿ ಪೇಸ್ಟ್.

ನನಗೂ ಈ ಥಿಯೇಟರುಗಳ ಮೇಲೆ ಪ್ರೀತಿ ಇದೆ. ಆದರೆ ಈ ಶ್ರದ್ಧಾಂಜಲಿ ಬರಹಗಳ ಬಗ್ಗೆ ಒಂದು ತಕರಾರೂ ಇದೆ. ಇವು ಕಟ್ಟಡಕ್ಕೆ ಅಳುತ್ತವೆ, ಹೀರೋಗಳಿಗೆ ಅಳುತ್ತವೆ, ಬರೆಯುವವರ ಕಾಲೇಜು ದಿನಗಳಿಗೆ ಅಳುತ್ತವೆ. ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೀತಿದ್ದವನು ಈಗ ಎಲ್ಲಿ ಸಿನಿಮಾ ನೋಡ್ತಾನೆ ಅಂತ ಮಾತ್ರ ಕೇಳೋದಿಲ್ಲ.

ಕಟ್ಟಡದ ಮಾತು ಮೊದಲು ಮುಗಿಸಿಬಿಡೋಣ. ನಮ್ಮಲ್ಲಿ ಥಿಯೇಟರ್ ಅನ್ನೋ ಕಟ್ಟಡ ಯಾವತ್ತೂ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂತಿದ್ದಿಲ್ಲ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ. ಅದೇ ದೊಡ್ಡಣ್ಣ ಹಾಲ್. ಮೊದಲು ನಾಟಕ, ಸಭೆ ನಡೀತಿದ್ದ ಜಾಗ ಟಾಕೀಸ್ ಆಯ್ತು. ಆಗ ಕಂಪನಿ ನಾಟಕದವರಿಗೆ ಈ ಟಾಕೀಸುಗಳ ಮೇಲೆ ಎಷ್ಟು ಸಿಟ್ಟು ಬಂದಿರಬೇಡ! ಕೊನೆಗೆ ಅದೇ ಕಂಪನಿಗಳ ನಟರೇ ಸಿನಿಮಾಕ್ಕೆ ಬಂದರು. ಗುಬ್ಬಿ ಕಂಪನಿಯಲ್ಲಿದ್ದ ರಾಜ್‌ಕುಮಾರ್ 1954ರಲ್ಲಿ ಗುಬ್ಬಿಯವರೇ ನಿರ್ಮಿಸಿದ ‘ಬೇಡರ ಕಣ್ಣಪ್ಪ’ದಿಂದ ಹೀರೋ ಆದರು.

ಆಮೇಲಿನ ಕತೆ ನಿಮಗೆ ಗೊತ್ತಿರೋದೇ. ಮೆಜೆಸ್ಟಿಕ್ ಅನ್ನೋ ಥಿಯೇಟರ್ ಇಡೀ ಏರಿಯಾಕ್ಕೆ ತನ್ನ ಹೆಸರು ಕೊಟ್ಟು ತಾನು ಮಾಯವಾಯ್ತು. ಬಸ್ ಸ್ಟ್ಯಾಂಡಿಗೆ ಕೆಂಪೇಗೌಡರ ಹೆಸರಿಟ್ಟು ಎಷ್ಟೋ ವರ್ಷ ಆದರೂ ಕಂಡಕ್ಟರ್ ಕೂಗೋದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಅಂತಲೇ. ಕೆ.ಜಿ. ರಸ್ತೆಯ ಸಾಗರ್ ಇದ್ದ ಕಡೆ ಈಗ ದೊಡ್ಡ ಸೀರೆ ಅಂಗಡಿ. ಜಯನಗರ ಪಕ್ಕದ ಸ್ವಾಗತ್ ಮಾಲ್ ಆಯ್ತು, ಟ್ರಿನಿಟಿ ಹತ್ತಿರದ ಲಿಡೋ ಮಾಲ್ ಆಯ್ತು. ಎಂ.ಜಿ. ರಸ್ತೆಯ ಪ್ಲಾಜಾ ಜಾಗವನ್ನು ಮೆಟ್ರೋ ತಗೊಂಡಿತು. ತಾಲ್ಲೂಕು ಊರುಗಳ ಕಡೆ ಹೋದರೆ ಹಳೇ ಟಾಕೀಸು ಒಂದೋ ಕಲ್ಯಾಣ ಮಂಟಪ, ಇಲ್ಲಾ ಗೊಬ್ಬರದ ಗೋಡೌನು. ಊರ ನಡುವೆ ಅಷ್ಟು ದೊಡ್ಡ ಜಾಗ, ದಿನಕ್ಕೆ ನಾಲ್ಕು ಶೋ, ಅದರಲ್ಲಿ ಮೂರು ಖಾಲಿ. ಮಾಲೀಕರ ಮಕ್ಕಳು ಏನು ಮಾಡಬೇಕು ಹೇಳಿ? ನಮ್ಮ ಅಪ್ಪಂದಿರ ತೆಂಗಿನ ತೋಟ ಮಾರಿ ಸೈಟ್ ತಗೊಂಡ ನಾವೇ ಅವರಿಗೆ ಪರಂಪರೆ ಉಳಿಸಿ ಅಂತ ಬುದ್ಧಿ ಹೇಳೋದು ಅಷ್ಟು ಚೆನ್ನಾಗಿರಲ್ಲ.

ಹಾಗಾದ್ರೆ ಹೋಗಿದ್ದೇನು? ಹೋಗಿದ್ದು ಒಂದೇ ಸೂರಿನ ಕೆಳಗಿದ್ದ ರೇಟಿನ ಏಣಿ.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಚಿಕ್ಕಂದಿನಲ್ಲಿ ನಮಗೆ ಸಿನಿಮಾ ಅಂದರೆ ಟೂರಿಂಗ್ ಟಾಕೀಸು, ನಮ್ಮ ಮಾತಲ್ಲಿ ಟೆಂಟು. ಸಂಜೆ ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಕೇಳಿದರೆ ಟಿಕೆಟ್ ಕೊಡೋಕೆ ಶುರು ಅಂತ ಅರ್ಥ. ಮುಂದೆ ಮರಳಿನ ನೆಲ, ಅದರ ಹಿಂದೆ ಬೆಂಚು, ಕೊನೆಗೆ ಕಬ್ಬಿಣದ ಕುರ್ಚಿ. ಪ್ರೊಜೆಕ್ಟರ್ ಒಂದೇ ಇದ್ದಿದ್ದರಿಂದ ರೀಲು ಬದಲಾಯಿಸುವಾಗೆಲ್ಲ ಇಂಟರ್ವಲ್ಲು. ಊರಗೌಡರು ಕುರ್ಚಿಯಲ್ಲಿ, ಅವರ ತೋಟದಲ್ಲಿ ಕಾಯಿ ಕೀಳುವವರು ಮರಳಿನ ಮೇಲೆ. ಇದರಲ್ಲಿ ಸಮಾನತೆ ಏನೂ ಇರಲಿಲ್ಲ. ಆದರೆ ಇಬ್ಬರೂ ಅದೇ ದಿನ, ಅದೇ ಸಿನಿಮಾ, ಅದೇ ಪರದೆಯಲ್ಲಿ ನೋಡಿದ್ದರು. ಮಾರನೇ ದಿನ ತೋಟದಲ್ಲಿ ಇಬ್ಬರಿಗೂ ಮಾತಾಡೋಕೆ ಒಂದು ವಿಷಯ ಇರ್ತಿತ್ತು.

ಸಿಟಿ ಥಿಯೇಟರ್ ಇದೇ ಟೆಂಟಿನ ಕಾಂಕ್ರೀಟ್ ರೂಪ. ಪರದೆಗೆ ಅಂಟಿಕೊಂಡ ಸಾಲುಗಳಿಗೆ ಗಾಂಧಿ ಕ್ಲಾಸ್ ಅನ್ನೋ ಹೆಸರು, ಆಮೇಲೆ ಸೆಕೆಂಡ್ ಕ್ಲಾಸ್, ಮೇಲೆ ಬಾಲ್ಕನಿ. ಬೇರೆ ಬೇರೆ ಕೌಂಟರು, ಎಷ್ಟೋ ಕಡೆ ಬೇರೆ ಬೇರೆ ಬಾಗಿಲು. ನಮ್ಮ ನಾಸ್ಟಾಲ್ಜಿಯಾ ಬರಹಗಳು ಬಿಟ್ಟುಬಿಡುವ ಸಂಗತಿಗಳೂ ಇಲ್ಲೇ ಇದ್ದವು: ಬ್ಲಾಕ್ ಟಿಕೆಟ್ ಕಾಟ, ಮೂಗು ಮುಚ್ಚಿಕೊಂಡು ಹೋಗಬೇಕಾದ ಟಾಯ್ಲೆಟ್ಟು, ಫಸ್ಟ್ ಡೇ ಶೋಗೆ ಹೆಣ್ಣುಮಕ್ಕಳು ಹತ್ತಿರವೂ ಸುಳಿಯೋಕಾಗದ ನೂಕುನುಗ್ಗಲು. 1968ರಲ್ಲಿ ಸಿನೆರಾಮ ಪರದೆಯೊಂದಿಗೆ ಶುರುವಾದ ಕಪಾಲಿಯಲ್ಲಿ ಸಾವಿರಕ್ಕೂ ಹೆಚ್ಚು ಸೀಟು ಇತ್ತು. ಅಷ್ಟು ಜನ ಒಟ್ಟಿಗೆ ನಗೋದರ ಮಜಾ ಯಾವ ಡಾಲ್ಬಿ ಸೌಂಡೂ ಕೊಡಲ್ಲ, ನಿಜ. ಆದರೆ ಆ ಸಾವಿರದಲ್ಲಿ ಹೆಂಗಸರು ಎಷ್ಟಿದ್ದರು ಅನ್ನೋದನ್ನೂ ಲೆಕ್ಕ ಹಾಕಬೇಕು.

ಈ ಪ್ರಶ್ನೆಯನ್ನು ನಮ್ಮ ಬ್ಲಾಗುಗಳಿಗಿಂತ ಬಹಳ ಮೊದಲೇ, ಬಹಳ ಚೆನ್ನಾಗಿ ಕೇಳಿದ್ದು ವೈದೇಹಿ. ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಲ್ಲಿ ಕರಾವಳಿಯ ಸಣ್ಣ ಊರಿಗೆ ಟಾಕೀಸು ಬರುತ್ತೆ. ಹೆರಿಗೆ ಮಾಡಿಸುತ್ತಿದ್ದವಳಿಗೆ ಹೆಂಗಸರ ಕಡೆಯ ಗೇಟಿನಲ್ಲಿ ನಿಲ್ಲುವ ಕೆಲಸ ಸಿಗುತ್ತೆ. ಮನೆಯೊಳಗಿದ್ದ ಹೆಂಗಸರಿಗೆ ಹೊರಗೆ ಹೋಗೋಕೆ ಒಂದು ನೆಪ ಸಿಗುತ್ತೆ. ಅಲ್ಲಿ ಯಾವ ಸಿನಿಮಾ ಅನ್ನೋದಕ್ಕಿಂತ ಯಾರು ಮನೆಯಿಂದ ಹೊರಟರು ಅನ್ನೋದು ಮುಖ್ಯ.

ಗಿರೀಶ್ ಕಾಸರವಳ್ಳಿ 2008ರಲ್ಲಿ ಇದನ್ನು ‘ಗುಲಾಬಿ ಟಾಕೀಸ್’ ಅಂತ ಸಿನಿಮಾ ಮಾಡಿದಾಗ ಒಂದು ದೊಡ್ಡ ಬದಲಾವಣೆ ಮಾಡಿದರು. ಟಾಕೀಸಿನ ಜಾಗಕ್ಕೆ ಟಿವಿ ಬಂತು. ಉಮಾಶ್ರೀ ಮಾಡಿದ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಡಿಶ್ ಸಮೇತ ಟಿವಿ ಸಿಗುತ್ತೆ, ಗಂಡಸರು ಮೀನಿಗೆ ಹೋದಾಗ ಕೇರಿಯ ಹೆಂಗಸರು ಅವಳ ಮನೆಗೆ ಬಂದು ಕೂರುತ್ತಾರೆ. ಮುಸ್ಲಿಮರ ಮನೆ ಅಂತ ಒಳಗೆ ಬರದವರೂ ಇರುತ್ತಾರೆ. ಕೊನೆಗೆ ಊರಿನ ವಾತಾವರಣ ಕೆಟ್ಟಾಗ ಗುಲಾಬಿಯೇ ಊರು ಬಿಡಬೇಕಾಗುತ್ತೆ.

ಕತೆಯನ್ನು ಹೀಗೆ ಬದಲಾಯಿಸಿದ್ದು ಸರೀನಾ ಅಂತ ಆಗ ಕೇಳಿದವರಿದ್ದರು. ನನ್ನ ಪ್ರಕಾರ ಆ ಬದಲಾವಣೆಯೇ ಈ ಸಿನಿಮಾದ ದೊಡ್ಡ ವಿಮರ್ಶೆ. ಟಾಕೀಸಿನಲ್ಲಿ ಟಿಕೆಟ್ ತಗೊಂಡವರು ಯಾರ ಮರ್ಜಿಯಲ್ಲೂ ಇರಲ್ಲ. ಎರಡು ರೂಪಾಯಿ ಕೊಟ್ಟರೆ ಆ ಜಾಗ ಅವರದ್ದು. ಮನೆಯ ಟಿವಿ ಹಾಗಲ್ಲ. ಅಲ್ಲಿ ಯಾರ ಮನೆ, ಯಾರು ಬರಬಹುದು, ಯಾರು ಬರಬಾರದು ಅನ್ನೋದೆಲ್ಲ ಶುರುವಾಗುತ್ತೆ. ಸಿನಿಮಾ ನೋಡುವ ಜಾಗ ಮನೆಯೊಳಗೆ ಬಂದ ಕೂಡಲೇ ಊರಿನ ಗೋಡೆಗಳೂ ಜೊತೆಗೆ ಬರುತ್ತವೆ. ಓಟಿಟಿ ಬಗ್ಗೆ ನಾವು ಇವತ್ತು ಆಡುವ ಮಾತಿಗೆ ಈ ಸಿನಿಮಾ 2008ರಲ್ಲೇ ಉತ್ತರ ಕೊಟ್ಟಿದೆ.

ಗಾಂಧಿ ಕ್ಲಾಸ್ ಹೋಗಿದ್ದಕ್ಕೆ ಯಾರೋ ಒಬ್ಬ ವಿಲನ್ ಕಾರಣ ಅಲ್ಲ. ಮೊದಲು ಸಿನಿಮಾದ ಪ್ರಿಂಟಿಗೆ ಬಹಳ ದುಡ್ಡಾಗ್ತಿತ್ತು. ಹಾಗಾಗಿ ಕೆಲವೇ ಪ್ರಿಂಟು. ಮೊದಲು ಗಾಂಧಿನಗರ, ಆಮೇಲೆ ಜಿಲ್ಲಾ ಕೇಂದ್ರ, ತಿಂಗಳುಗಟ್ಟಲೆ ಬಿಟ್ಟು ಗೀರು ಬಿದ್ದ ಅದೇ ಪ್ರಿಂಟು ನಮ್ಮ ಟೆಂಟಿಗೆ. ತಡವಾಗಿ ನೋಡಿದರೆ ಕಡಿಮೆ ರೇಟು, ಅಷ್ಟೇ ವ್ಯವಹಾರ. ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ಎಲ್ಲ ಕಡೆ ಒಂದೇ ಶುಕ್ರವಾರ ಬಿಡುಗಡೆ. ಕೆಲವೇ ವಾರದಲ್ಲಿ ಟಿವಿಯಲ್ಲೋ ಫೋನಿನಲ್ಲೋ ಅದೇ ಸಿನಿಮಾ. ಎರಡನೇ ಸುತ್ತಿನ ಥಿಯೇಟರಿಗೆ ಮಾರೋಕೆ ಏನೂ ಉಳಿಯಲಿಲ್ಲ.

ಇತ್ತ 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಯ ಮಲ್ಟಿಪ್ಲೆಕ್ಸ್ ಬಂತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಮಲ್ಟಿಪ್ಲೆಕ್ಸ್ ಒಂದು ಶೆಡ್ಯೂಲರ್. ಗಾಂಧಿನಗರದ ಥಿಯೇಟರ್ ನಿರ್ಮಾಪಕನಿಂದ ವಾರದ ಬಾಡಿಗೆ ತಗೊಂಡರೆ ಆ ವಾರ ಜನ ಬರಲಿ ಬಿಡಲಿ ಸಿನಿಮಾ ಓಡ್ತಿತ್ತು. ಮಲ್ಟಿಪ್ಲೆಕ್ಸಿನದು ಪರ್ಸೆಂಟೇಜ್ ಲೆಕ್ಕ, ಶುಕ್ರವಾರದ ಕಲೆಕ್ಷನ್ ನೋಡಿ ಸೋಮವಾರದ ಶೋ ತೀರ್ಮಾನ. ಹೊಸಬರ ಕನ್ನಡ ಸಿನಿಮಾಕ್ಕೆ ಬೆಳಿಗ್ಗೆ ಹತ್ತರ ಒಂದು ಶೋ ಉಳಿದರೆ ಪುಣ್ಯ. ಬಾಡಿಗೆ ಪದ್ಧತಿಯಲ್ಲಿ ಎಷ್ಟೋ ನಿರ್ಮಾಪಕರು ಮನೆ ಮಠ ಕಳಕೊಂಡಿದ್ದಾರೆ, ಅದು ಒಳ್ಳೇದಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಸಿನಿಮಾ ಬಾಯಿಂದ ಬಾಯಿಗೆ ಹರಡಿ ಎರಡನೇ ವಾರ ಎದ್ದು ನಿಲ್ಲೋಕೆ ಅದರಲ್ಲಿ ಟೈಮ್ ಸಿಗ್ತಿತ್ತು.

ಈಗ ರೇಟಿನ ವಿಷಯ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸ್ ಸೇರಿದಂತೆ ಎಲ್ಲ ಕಡೆ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. 75 ಸೀಟು ಅಥವಾ ಅದಕ್ಕಿಂತ ಕಡಿಮೆ ಇರುವ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಕೊಟ್ಟಿತು. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಮ್ಮ ಆಫೀಸಿನ ಗ್ರೂಪುಗಳಲ್ಲಿ ಮೊದಲು ಖುಷಿ, ಆಮೇಲೆ ಬೈಗುಳ. ನನಗನಿಸಿದ್ದು ಇಷ್ಟು: ಈ 200ರ ಮಿತಿ ಜಾರಿಯಾದರೂ ಉಳಿಯೋದು 350 ಕೊಡುವ ನನ್ನ 150 ರೂಪಾಯಿ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ನಾಲ್ಕು ಜನರ ಸಂಸಾರ ಕಟ್ಟಿಕೊಂಡು ಹೋದರೆ ಆಗಲೂ 800 ರೂಪಾಯಿ. ಅವರು ರಾತ್ರಿ ಪಾಳಿಯಲ್ಲಿ ಫೋನಿನಲ್ಲೇ ಯಾವುದೋ ಕಳ್ಳ ಕಾಪಿ ನೋಡ್ತಾರೆ. ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಗೇಟಿನ ಕಡೆ.

ಎಲ್ಲರಿಗೂ ಒಂದೇ ಮಿತಿ ಹಾಕೋದಕ್ಕಿಂತ ಹಳೇ ಏಣಿಯ ಕೆಳಗಿನ ಮೆಟ್ಟಿಲನ್ನು ವಾಪಸ್ ಇಡೋದು ಸುಲಭ. ಪಕ್ಕದ ಚೆನ್ನೈನ ಮಲ್ಟಿಪ್ಲೆಕ್ಸುಗಳಲ್ಲಿ ಮುಂದಿನ ಸಾಲಿಗೆ 10 ರೂಪಾಯಿ ಟಿಕೆಟ್ ಬಹಳ ವರ್ಷ ನಡೀತು, ಅದರಿಂದ ಯಾವ ಮಲ್ಟಿಪ್ಲೆಕ್ಸೂ ಮುಳುಗಲಿಲ್ಲ. ನಮ್ಮಲ್ಲೂ ಮೊದಲ ಎರಡು ಸಾಲು 50 ರೂಪಾಯಿಗೆ ಸಿಗಲಿ, ಹಿಂದಿನ ಒರಗುವ ಕುರ್ಚಿಗೆ ಅವರಿಗೆ ಇಷ್ಟ ಬಂದಷ್ಟು ತಗೊಳ್ಳಲಿ. ವಾರದ ದಿನ ಬುಕಿಂಗ್ ಆ್ಯಪ್ ತೆಗೆದು ಸೀಟ್ ಮ್ಯಾಪ್ ನೋಡಿ, ಮುಂದಿನ ಸಾಲುಗಳು ಖಾಲಿಯೇ ಇರುತ್ತವೆ. ಶೋ ಶುರುವಾದ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ. 2022ರ ಸೆಪ್ಟೆಂಬರಿನಲ್ಲಿ ಸಿನಿಮಾ ದಿನ ಅಂತ ದೇಶದ ಮಲ್ಟಿಪ್ಲೆಕ್ಸುಗಳು ಒಂದು ದಿನ 75 ರೂಪಾಯಿಗೆ ಟಿಕೆಟ್ ಕೊಟ್ಟಾಗ ಹಾಲುಗಳು ತುಂಬಿ ತುಳುಕಿದವು. ಜನರಿಗೆ ಸಿನಿಮಾ ಬೇಡ ಅನ್ನೋ ಮಾತು ಅವತ್ತೇ ಸುಳ್ಳಾಯ್ತು.

‘ಮಾಲ್ ಒಳಗೆ ಬರೋಕೆ ಅವರಿಗೇ ಮುಜುಗರ ಆಗುತ್ತೆ ಮಾರಾಯ’ ಅಂತ ಗೆಳೆಯನೊಬ್ಬ ಹೇಳಿದ. ಇರಬಹುದು. ಬಾಗಿಲಲ್ಲಿ ಬ್ಯಾಗ್ ಚೆಕ್ ಮಾಡುವವರ ನೋಟ ಎಂಥದ್ದು ಅಂತ ಹಳ್ಳಿಯಿಂದ ಬಂದ ಅಪ್ಪನನ್ನು ಪಂಚೆಯಲ್ಲೇ ಮಾಲ್‌ಗೆ ಕರಕೊಂಡು ಹೋದ ಎಲ್ಲರಿಗೂ ಗೊತ್ತು. ಆದರೆ ಕೈಯಲ್ಲಿ ಟಿಕೆಟ್ ಇದ್ದರೆ ಆ ನೋಟ ಎದುರಿಸೋದು ಬೇರೆ, ಇಲ್ಲದಿದ್ದರೆ ಬೇರೆ. ವೈದೇಹಿಯವರ ಕತೆಯ ಹೆಂಗಸರಿಗೂ ಮುಜುಗರ ಇರಲಿಲ್ಲ ಅಂತೇನಿಲ್ಲ. ಗೇಟಿತ್ತು, ಟಿಕೆಟ್ಟಿಗೆ ಕೈಗೆಟುಕುವ ರೇಟಿತ್ತು, ಹೋದರು.

ಮುಂದಿನ ಸಲ ಇನ್ನೊಂದು ಥಿಯೇಟರ್ ಮುಚ್ಚುತ್ತೆ, ಮುಚ್ಚೇ ಮುಚ್ಚುತ್ತೆ. ಫೋಟೋ ಹಾಕಿ, ತಪ್ಪಿಲ್ಲ. ಜೊತೆಗೆ ಆ ಜಾಗದಲ್ಲಿ ಏಳುವ ಮಾಲ್‌ನ ಮಲ್ಟಿಪ್ಲೆಕ್ಸಿನಲ್ಲಿ ಅತಿ ಕಡಿಮೆ ಟಿಕೆಟ್ ಎಷ್ಟಿರುತ್ತೆ ಅಂತಲೂ ಒಂದು ಸಾಲು ಬರೀರಿ.